ಹದಿನೆಂಟು ಎಂ.ಎಲ್.

ಮೂರು ಸಲ ಸೀಲು ಬದಲಿಸಿದ್ದರು
ಮೂರು ಬೇರೆ ಬೇರೆ ಗ್ಯಾರೇಜಿನಲ್ಲಿ.
ಮೂರು ಸಲವೂ ಪಾರ್ಕಿಂಗಿನ ನೆಲದ ಮೇಲೆ
ಅದೇ ಜಾಗದಲ್ಲಿ ಅದೇ ಎಣ್ಣೆಯ ಬೊಟ್ಟು.
ವಾಚ್‌ಮನ್ನು ಗೋಣಿಚೀಲ ಹಾಸಿ
"ಮೇಡಂ, ನಿಮ್ಮ ಗಾಡಿಗೆ ಡೈಪರ್" ಎಂದು ನಕ್ಕ.

ಹೊಂಬೇಗೌಡ ನಗರದ ಆರೋಗ್ಯಸ್ವಾಮಿ ಮಾತ್ರ
ಬಾನೆಟ್ ಎತ್ತಿ ಸೀಲಿನ ಕಡೆ ನೋಡಲೇ ಇಲ್ಲ.
"ಸೀಲು ಪಾಪ ಏನ್ ಮಾಡತ್ತೆ ಸಿಸ್ಟರ್,
ಒಳಗಿಂದ ಒದ್ದರೆ ಯಾವ ಬಾಗಿಲು ನಿಲ್ಲತ್ತೆ?"

ಎಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಮುಚ್ಚಳ ತಿರುಗಿಸಿ ತೆಗೆದ.
ಪ್ಲಾಸ್ಟಿಕ್ ಕವರಿಗೆಂದು ಹುಡುಗನನ್ನು ಕೂಗುವಷ್ಟರಲ್ಲಿ
ನನ್ನ ಬ್ಯಾಗಿನಿಂದ ಕೈಗವಸು ಕೊಟ್ಟೆ,
ಆರೂವರೆ ನಂಬರು, ಪುಡಿಯಿಲ್ಲದ್ದು.
ಬಾಯಿಗೆ ಬಿಗಿದ.
ಮೊದಲು ಹೆಬ್ಬೆರಳು ಎದ್ದಿತು,
ಆಮೇಲೆ ನಾಲ್ಕೂ.
ಕಾರ್ಪೊರೇಷನ್ ಸರ್ಕಲ್ಲಿನಲ್ಲಿ
ಬಸ್ಸಿಗೆ ಅಡ್ಡ ನಿಂತ ಪೇದೆಯ ಹಾಗೆ
ನನ್ನ ಎಂಜಿನ್ನಿನೊಳಗಿಂದ ಒಂದು ಕೈ
ನಿಲ್ಲು ಎಂದಿತು.

ಪಿಸ್ಟನ್ನಿನ ಪಕ್ಕದ ಸಂದಿಯಲ್ಲಿ ಒಂದಿಷ್ಟು ಹೊಗೆ
ಕೆಳಗೆ ನುಸುಳೋದು ಇದ್ದದ್ದೇ, ಹೊಸ ಗಾಡಿಯಲ್ಲೂ.
ಮೆಲ್ಲಗೆ ಹೋಗುವಾಗ ಈ ವಾಲ್ವು ತೆರೆದು
ಮುಂದಿನ ಉಸಿರಿನ ಜೊತೆ ಎಳಕೊಳ್ಳತ್ತೆ.
ಟರ್ಬೊ ಊದೋಕೆ ಶುರುಮಾಡಿದರೆ ಗಾಳಿ ಉಲ್ಟಾ;
ಆಗ ಇದು ಮುಚ್ಚಬೇಕು,
ಹೊಗೆ ಆ ಕಡೆ ಪೈಪು ಹಿಡಿದು ಟರ್ಬೊ ಬಾಯಿಗೆ ಹೋಗಬೇಕು.
"ನಿಮ್ಮದರಲ್ಲಿ ಎರಡೂ ಬಂದ್."

ವಾಲ್ವು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದ.
ಟಿಕ್ ಅನ್ನಬೇಕಾದದ್ದು ಅನ್ನಲಿಲ್ಲ.
ಪೈಪಿನೊಳಗೆ ಬೆರಳಿಟ್ಟು ತೆಗೆದ:
ಕಡೆದು ಮರೆತುಬಿಟ್ಟ ಬೆಣ್ಣೆಯಂಥದ್ದು,
ಕಂದು, ಸುಟ್ಟ ವಾಸನೆ.
"ದಿನಾ ಎಷ್ಟು ದೂರ ಓಡಿಸ್ತೀರಿ?"

ನಾಲ್ಕು ಕಿಲೋಮೀಟರು.
ರಾತ್ರಿ ಪಾಳಿ, ರಸ್ತೆ ಖಾಲಿ, ಒಂಬತ್ತು ನಿಮಿಷ.
ಬೆಳಗ್ಗೆ ಆರಕ್ಕೆ ಬರುವಾಗಲೂ ಒಂಬತ್ತೇ.
"ಎಣ್ಣೆ ಬಿಸಿಯಾಗೋಕೆ ಮೊದಲೇ ಆಫ್.
ನೀರಾವಿ ಎಲ್ಲಿಗೆ ಹೋಗಬೇಕು? ಅಲ್ಲೇ ಕೂತಿದೆ."

ಇಡೀ ರಾತ್ರಿ ಬೇರೆಯವರ ಉಸಿರು ಎಣಿಸುವವಳು ನಾನು.
ಮನುಷ್ಯರೂ ಹೀಗೇ ಅಲ್ವಾ, ಎಂದುಬಿಟ್ಟೆ.
"ಮನುಷ್ಯರಿಗೆ ಪಾರ್ಟ್ಸ್ ಸಿಗಲ್ಲ.
ಇದಕ್ಕೆ ಜೆ.ಸಿ. ರೋಡಲ್ಲಿ ಸಾವಿರದ ಎಂಟುನೂರು."

ಹೊಸದು ಬಂತು. ಊದಿ ನೋಡಿ ಎಂದ.
ಈ ಕಡೆಯಿಂದ ಹೋಯಿತು, ಆ ಕಡೆಯಿಂದ ಇಲ್ಲ.
ಪೈಪಿನ ನಡುವೆ ಒಂದು ಸಣ್ಣ ಡಬ್ಬಿ ಕೂರಿಸಿದ,
ಹೊಗೆಯೊಳಗಿನ ಎಣ್ಣೆ ಹನಿ ಅಲ್ಲೇ ಇಳಿಯಲಿ ಅಂತ.
ಹೊರಗೇ ಬಿಟ್ಟರಾಗದೇ ಎಂದದ್ದಕ್ಕೆ ಸಿಟ್ಟಾದ.
"ಸಿಗ್ನಲ್ಲಲ್ಲಿ ಹಿಂದೆ ಸ್ಕೂಟರಲ್ಲಿ ಮಗು ಇರತ್ತೆ.
ನಿಮ್ಮ ಹೊಗೆ ನೀವೇ ಉಣ್ಣಬೇಕು."

ಮತ್ತೆ ಕೈಗವಸು.
ರಿಂಗೇ ಸವೆದಿದ್ದರೆ ಲಕ್ಷ ದಾಟತ್ತೆ ಎಂದು ಮೊದಲೇ ಹೇಳಿದ್ದ.
ಹುಡುಗನೂ ಪಾನಾ ಕೆಳಗಿಟ್ಟು ಬಂದು ನಿಂತ.
ಕೈ ಏಳಲಿಲ್ಲ.
ಬೆರಳು ಒಂದೊಂದೇ ಮಡಚಿ
ಅಂಗೈ ಗುಳಿಬಿದ್ದು
ಮೆಲ್ಲಗೆ ಒಳಗೆ ಸರಿಯಿತು.
ಯಾರೂ ಏನೂ ಅನ್ನಲಿಲ್ಲ. ಆರೋಗ್ಯಸ್ವಾಮಿ ಬೀಡಿ ಹುಡುಕಿಕೊಂಡ.

"ಭಾನುವಾರ ಹೊಸಕೋಟೆ ಟೋಲ್ ತನಕ. ಎಲ್ಲೂ ನಿಲ್ಲಿಸಬೇಡಿ.
ಚೀಟಿ ಬರೆದುಕೊಡಲಾ?"

ಡಬ್ಬಿಯದನ್ನು ಕೆಮ್ಮಿನ ಔಷಧಿಯ ಲೋಟಕ್ಕೆ ಬಸಿದು
ವಾರ್ಡಿನ ಅಭ್ಯಾಸದಲ್ಲಿ ಬರೆದಿಡುತ್ತೇನೆ.
ಡಿಸೆಂಬರ್ ಮೊದಲ ವಾರ: ಹದಿನೆಂಟು ಎಂ.ಎಲ್., ಹಾಲು ಬೆರೆತ ಹಾಗೆ.
ಸಂಕ್ರಾಂತಿಗೆ ಹನ್ನೊಂದು.
ಶಿವರಾತ್ರಿಗೆ ನಾಲ್ಕು, ಬರೀ ಎಣ್ಣೆ.

ಕೆ.ಆರ್. ಪುರದ ಸೇತುವೆ ದಾಟಿ ಪೆಡಲು ಒತ್ತಿದಾಗ
ಎಲ್ಲೋ ಬೆರಳುದ್ದದ ವಾಲ್ವು ಮುಚ್ಚಿಕೊಳ್ಳುತ್ತದೆ.
ಕೇಳಿಸುವುದಿಲ್ಲ.
ಕೇಳಿತೆಂದುಕೊಳ್ಳುತ್ತೇನೆ.

ಹೋದ ಭಾನುವಾರ ಟೋಲಿನ ಹತ್ತಿರ ತಿರುಗಲಿಲ್ಲ.
ಫಾಸ್ಟ್ಯಾಗ್ ಪೀಪ್ ಎಂದಿತು, ಕಂಬ ಎದ್ದಿತು.
ಕೋಲಾರದಲ್ಲಿ ಇಡ್ಲಿ ತಿಂದೆ.
ಆ ವಾರ: ಎರಡು.