ಬಾಣದ ಮೊನೆಯ ಕೆಳಗೆ

ಕೆಂಪು ಸಮುದ್ರದಲ್ಲಿ ಹಡಗೊಂದು ಹೊತ್ತಿಕೊಂಡರೆ
ಮರುದಿನವೇ ನನಗೆ ಕೆಲಸ.
ಜಿಬೂಟಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ
ಹೆಸರಿನ ಹಲಗೆ ಹಿಡಿದು ನಿಲ್ಲುತ್ತೇನೆ.
ಬರುತ್ತಾರೆ, ಹತ್ತು ಜೇಬಿನ ಅಂಗಿಯವರು,
ಧಗೆ ಮುಖಕ್ಕೆ ಬಡಿದು ಒಂದು ಹೆಜ್ಜೆ ಹಿಂದೆ ಸರಿದು
ಕೇಳುತ್ತಾರೆ:
'ನೆಲೆಗಳು ಇಲ್ಲಿಂದ ಎಷ್ಟು ದೂರ?'

ನನ್ನ ಹೆಸರು ರೋಬ್ಲೆ. ಮಳೆ ತಂದವನು ಅಂತ.
ಹುಟ್ಟಿದ ದಿನ ನಾಲ್ಕು ಹನಿ ಬಿದ್ದಿತ್ತಂತೆ,
ಅಷ್ಟಕ್ಕೇ ಅಜ್ಜಿ ಹೆಸರಿಟ್ಟುಬಿಟ್ಟಳು.
ಇದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಕಾರಿನಲ್ಲಿ ಸುತ್ತಿಸುತ್ತೇನೆ.
ಇದು ಫ್ರೆಂಚರದು, ಅದು ಅಮೆರಿಕದ್ದು, ಆ ಗೋಡೆ ಜಪಾನಿನದು,
ಇಟಲಿಯವರದು ಚಿಕ್ಕದು, ಅಲ್ಲಿ ಗಿಡಕ್ಕೆ ನೀರು ಹಾಕುವವನು ನನ್ನ ಭಾವಮೈದುನ,
ಚೀನಾದ್ದನ್ನು ದೂರದಿಂದಲೇ ನೋಡಿ, ಗಾಜು ಇಳಿಸಬೇಡಿ.
ಒಂದು ಪಾತ್ರೆಗೆ ಎಷ್ಟು ಸೌಟು!
ಬಾಡಿಗೆ ಚೆನ್ನಾಗಿ ಬರುತ್ತದಂತಲ್ಲ, ಅನ್ನುತ್ತಾರೆ.
ಬರುತ್ತದೆ. ನಮ್ಮ ಬೀದಿಯ ದಾರಿ ಅದಕ್ಕೆ ಗೊತ್ತಿಲ್ಲ.

'ಜನಸಾಮಾನ್ಯರ ಅಭಿಪ್ರಾಯ' ಬೇಕಾದಾಗ
ಚಿಕ್ಕಮ್ಮ ಸಾರೆದೊಳ ಬಳಿ ಕರೆದೊಯ್ಯುತ್ತೇನೆ.
ಒದ್ದೆ ಗೋಣಿಯಡಿ ಖಾತ್ ಸೊಪ್ಪಿನ ಕಟ್ಟು ಇಟ್ಟು ಮಾರುವವಳು.
ಮಧ್ಯಾಹ್ನ ಇಥಿಯೋಪಿಯಾದ ಸೊಪ್ಪು ಬಂದರೇನೇ
ನಮ್ಮ ಊರಿನ ಗಡಿಯಾರ ನಡೆಯುವುದು.
ಮೈಕು ಅವಳ ಗಲ್ಲಕ್ಕೆ ತಾಗಿತು:
'ಮಹಾಶಕ್ತಿಗಳ ಪೈಪೋಟಿಯ ಬಗ್ಗೆ ಏನನ್ನಿಸುತ್ತದೆ?'
ಅವಳು ಸೊಮಾಲಿಯಲ್ಲಿ ನನ್ನನ್ನು ಬೈದಳು:
'ಸೊಪ್ಪು ಬಾಡುತ್ತಿದೆ,
ಇವರ ನೆರಳನ್ನಾದರೂ ಈ ಕಡೆ ನಿಲ್ಲಿಸೋ!'
'ಅವಳಿಗೆ ಆತಂಕವಿದೆಯಂತೆ' ಎಂದು ಅನುವಾದಿಸಿದೆ.
ರಾತ್ರಿಯ ಸುದ್ದಿಯಲ್ಲಿ ಅವಳ ಮುಖ ಮೂರು ಸೆಕೆಂಡು,
ಕೆಳಗೆ ಆ ಆತಂಕ.
ಸುಳ್ಳೇನಲ್ಲ ಬಿಡಿ.

ಅವರ ಬರಹದಲ್ಲಿ ನಾವು ಗಂಟಲು.
ಲೋಕದ ಸರಕೆಲ್ಲ ಇಳಿಯುವ ಇಕ್ಕಟ್ಟು;
ಇಲ್ಲಿ ಹಿಚುಕಿದರೆ ಎಲ್ಲೆಲ್ಲಿಯೋ ಉಸಿರು ಕಟ್ಟುತ್ತದೆ.
ಇರಬಹುದು. ಗಂಟಲೆಂದ ಮೇಲೆ
ಬಾಯಾರಿಕೆಯೂ ಇರಬೇಕಲ್ಲ?
ಬಾಲ್ಬಾಲದಲ್ಲಿ ಟ್ಯಾಂಕರಿನ ಸದ್ದಿಗೆ
ಹಳದಿ ಕ್ಯಾನುಗಳು ಮಕ್ಕಳನ್ನು ಎಳೆದುಕೊಂಡು ಓಡುತ್ತವೆ.
ಅಸ್ಸಾಲ್ ಸರೋವರದ ದಂಡೆಯಲ್ಲಿ ಅಫಾರ್ ಮುದುಕ ಲೋಯಿತಾ
ಉಪ್ಪಿನ ಉಂಡೆ ಸಾಲಾಗಿ ಇಟ್ಟು ಗಿರಾಕಿಗೆ ಕಾಯುತ್ತಾನೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ಇಲ್ಲಿ ತಿಂದವರು ಯಾರೋ,
ನೀರಿಗೆ ಸಾಲು ನಿಂತವರು ನಾವು.

ಒಂದು ನವೆಂಬರದಲ್ಲಿ ನನ್ನ ಹೆಸರು ನಿಜವಾಯಿತು.
ಎರಡು ವರ್ಷದ ಮಳೆ ಎರಡೇ ದಿನಕ್ಕೆ.
ಒಣಗಿ ಮಲಗಿದ್ದ ಹಳ್ಳ ಎದ್ದು ಬಂದು
ತಗಡಿನ ಮನೆಗಳನ್ನು ಇಸ್ಪೀಟಿನಂತೆ ಕಲಸಿತು.
ಸಾರೆದೊಳ ಮಂಚ ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕಿತು.
ಪಕ್ಕದ ಮನೆಯ ಫಿಲ್ಸನ್, ಆರು ವರ್ಷ,
ಮೂರನೇ ದಿನ ಸಿಕ್ಕಳು.

ಛಾವಣಿಯ ಮೇಲೆ ಕೂತು
ಫೋನಿನಲ್ಲಿದ್ದ ಅಷ್ಟೂ ವರದಿಗಾರರಿಗೆ ಚಿತ್ರ ಕಳಿಸಿದೆ.
ಹದಿನೇಳು ಜನ, ಒಂಬತ್ತು ದೇಶ.
ಒಬ್ಬಳು ಬರೆದಳು:
'ಅಯ್ಯೋ. ನೆಲೆಗಳಿಗೆ ಏನಾದರೂ ಧಕ್ಕೆಯಾಗಿದೆಯೇ?'
ಬೀದಿ ನೋಡಿದೆ. ಕೆಸರಲ್ಲಿ ಒಲೆ, ಚಾಪೆ, ಒಂಟಿ ಚಪ್ಪಲಿ.
ಯಾರ ನೆಲೆ ಎಂದು ಟೈಪಿಸಿ, ಅಳಿಸಿ,
'ಇಲ್ಲ' ಎಂದಷ್ಟೇ ಕಳಿಸಿದೆ.
ಎರಡು ನೀಲಿ ಗೀಟು ಬಂದವು.
ಆಮೇಲೆ ಏನೂ ಬರಲಿಲ್ಲ.

ಹೋದ ವಾರ ಮತ್ತೊಂದು ಹಡಗು. ಮತ್ತೆ ಹಲಗೆ.
ಈ ಸಲ ಬಂದವನು ಎಳೆಯ ಹುಡುಗ, ಮೂಗು ಬಿಸಿಲಿಗೆ ಸುಲಿದಿತ್ತು.
ಪತ್ರಿಕೆ ಬಿಡಿಸಿ ನಕ್ಷೆ ತೋರಿಸಿದ:
ನಾಲ್ಕೂ ದಿಕ್ಕಿನ ಬಾಣಗಳು ಒಂದೇ ಚುಕ್ಕೆಗೆ ಚುಚ್ಚಿವೆ.
ನೆಲದಲ್ಲಿ ಜಾಗ ಸಾಲದೆ ನಮ್ಮ ಹೆಸರನ್ನು
ಸಮುದ್ರದ ಮೇಲೆ ಬರೆದಿದ್ದಾರೆ.
'ನಿಮ್ಮ ಮನೆ ಇದರಲ್ಲಿ ಎಲ್ಲಿ?'
ಇಷ್ಟು ವರ್ಷದಲ್ಲಿ ಇದನ್ನು ಕೇಳಿದವನು ಅವನೊಬ್ಬನೇ.
ಉಗುರಿನಿಂದ ಬಾಣದ ಮೊನೆ ಕೆರೆದೆ.
ಮಸಿ ಉಗುರಿಗೆ ಬಂತು, ಕಾಗದ ತೂತಾಯಿತು.
'ಇಲ್ಲೇ' ಎಂದೆ.
ಅವನು ಬಗ್ಗಿ ಆ ತೂತನ್ನು ನೋಡುತ್ತಿದ್ದ
ಹೊತ್ತಿಗೆ ಸೊಪ್ಪಿನ ಲಾರಿ ಊರೊಳಗೆ ನುಗ್ಗಿತು,
ಕಾರುಗಳೆಲ್ಲ ಒಟ್ಟಿಗೆ ಹಾರನ್ ಬಾರಿಸಿದವು.
ಹುಡುಗ ಬೆಚ್ಚಿ ಕೇಳಿದ, ಏನಾಯಿತು, ಏನಾಯಿತು?