ಕೋಳಿ ಕೂಗದ ಗ್ರಹ

ವಾರ್ಜಾಜಾತ್ ಊರಾಚೆ, ಕಲ್ಲು ಮುಗಿದು ಮರಳು ಶುರುವಾಗುವಲ್ಲಿ
ಗೋಣಿನಾರು, ತಂತಿಬಲೆ, ಸುಣ್ಣದ ಗಾರೆಯ
ಒಂದು ಕೋಟೆಬಾಗಿಲು.
ಮೂರು ಸೂರ್ಯರ ಗ್ರಹಕ್ಕೆ ಇದೇ ಹೆಬ್ಬಾಗಿಲು.
ಹತ್ತು ದಿರ್ಹಮ್ ಕೊಟ್ಟರೆ ಹಮ್ಮು ಒಳಗೆ ಬಿಡುತ್ತಾನೆ.
ಒಳಗೆ ಅಂದರೆ ಆಚೆ.
ಆಚೆಯೂ ಅದೇ ಮರಳು.

"ಮೊದಲ ವಾರ ನಾನು ಚಕ್ರವರ್ತಿಯ ಕಾವಲುಗಾರ,
ಎರಡನೆಯ ವಾರ ಬಂಡುಕೋರ.
ಶಿರಸ್ತ್ರಾಣ ಬದಲಾಯಿತು, ಒಳಗಿನ ಬೆವರುವಾಸನೆ ನನ್ನದೇ.
ಬುಧವಾರ ನಾನು ಉಗುಳಿಸಿದ ಬೆಂಕಿಗೆ
ಮುಂದಿನ ಮಂಗಳವಾರ
ನಾನೇ ಬಿದ್ದು ಸತ್ತೆ" ಎನ್ನುತ್ತಾನೆ,
ಪುದೀನ ಚಹಾವನ್ನು ಮೊಳದೆತ್ತರದಿಂದ ಲೋಟಕ್ಕೆ ಸುರಿಯುತ್ತ.
ಒಂದು ಹನಿ ಆಚೀಚೆ ಇಲ್ಲ.

ಅವನಕ್ಕ ಇಜ್ಜಾ ಆಗ ದರ್ಜಿಯ ಡೇರೆಯಲ್ಲಿದ್ದಳು.
ನಾಯಕನಿಗೆ ಒಂದೇ ನಿಲುವಂಗಿ, ಆರು ಪ್ರತಿ:
ಹೊಸದು, ಧೂಳು ಹಿಡಿದದ್ದು, ತೋಳು ಹರಿದದ್ದು,
ಬೆನ್ನು ಸುಟ್ಟದ್ದು, ನೆತ್ತರಾದದ್ದು,
ಕೊನೆಗೆ ಗೆದ್ದು ಬರುವಾಗಿನದು.
"ಅವನಿನ್ನೂ ವಿಮಾನ ಇಳಿದಿರಲಿಲ್ಲ,
ಅವನ ಗಾಯಗಳನ್ನೆಲ್ಲ ನಾನು ಕತ್ತರಿಯಲ್ಲಿ ಅಳೆದು ಮುಗಿಸಿದ್ದೆ.
ಗೆಲುವೂ ಇಸ್ತ್ರಿಯಾಗಿ
ಮೊಳೆಗೆ ನೇತುಬಿದ್ದಿತ್ತು."

ಒಂಬತ್ತು ಭಾಗವನ್ನೂ ನೋಡಿದ್ದಾಳೆ, ಮಗನ ಮೊಬೈಲಿನಲ್ಲಿ,
ಬಟಾಣಿ ಸುಲಿಯುತ್ತ.
ನೋಡಿ ಒಂದು ತೀರ್ಪಿಗೆ ಬಂದಿದ್ದಾಳೆ.

"ಸೂರ್ಯನನ್ನು ನುಂಗುವ ಆ ಯಂತ್ರ ಸಿಡಿಯಿತಲ್ಲ, ಯಾರಿಂದ?
ಎರಡನೇ ಭಾಗದಲ್ಲೇ ಒಬ್ಬ ಗುಮಾಸ್ತ
ಕಳಪೆ ಬೋಲ್ಟುಗಳಿಗೆ ಸಹಿ ಹಾಕಿದ್ದ.
ಅರ್ಧ ನಿಮಿಷ ಬಂದು ಹೋಗುತ್ತಾನೆ, ಬೊಕ್ಕತಲೆ, ಹೆಸರಿಲ್ಲ.
ಯಂತ್ರ ಬಿರುಕುಬಿಟ್ಟಾಗ ನಾಯಕ ಎಲ್ಲಿದ್ದ?
ಏಳು ಚಂದ್ರರಾಚೆ, ಸೆರೆಮನೆಯಲ್ಲಿ.
ಬಂದ, ಕತ್ತಿ ಬೀಸಿದ, ಆಗಲೇ ಬೀಳುತ್ತಿದ್ದುದಕ್ಕೆ
ಭುಜ ಕೊಟ್ಟು ತಳ್ಳಿದ.
ಲೋಕವೆಲ್ಲ ಚಪ್ಪಾಳೆ."

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು
ಕೋಳಿ ಕಂಕುಳಲ್ಲಿಟ್ಟು ಕಾಡಿಗೆ ಹೋದ ಅಜ್ಜಿ
ನನಗೆ ನೆನಪಾದಳು.
ಈ ಗ್ರಹದಲ್ಲಾದರೆ ಮೂರು ಬೆಳಗು,
ಒಂದು ಹುಂಜವೂ ಇಲ್ಲ.

ಜೀರಿಗೆ ಹದಿನೇಳು. ಅಮ್ಮನ ಮಾತಿಗೆ ಮುಖ ಕೆಂಪಾಗುತ್ತದೆ.
"ಹಾಗಾದರೆ ಅವನು ಮನೆಯಲ್ಲೇ ಮಲಗಬೇಕಿತ್ತಾ?
ಬೋಲ್ಟು ಕಳಪೆ ಅಂತ ಅವನಿಗೇನು ಗೊತ್ತು?"
ಇಜ್ಜಾ ಸಿಪ್ಪೆ ಕೊಡವುತ್ತಾಳೆ.
"ಗೊತ್ತಿರಲಿಲ್ಲ. ಅದನ್ನೇ ನಾನೂ ಹೇಳುತ್ತಿರುವುದು."
ಇಬ್ಬರೂ ಗೆದ್ದವರ ಹಾಗೆ ಸುಮ್ಮನಾಗುತ್ತಾರೆ.

ಹಮ್ಮು ಮಾತ್ರ ಮಂಗಳವಾರಕ್ಕೆ ಮರಳುತ್ತಾನೆ.
ನಲವತ್ತಾರು ಡಿಗ್ರಿ. ಹೆಣಗಳ ಸಾಲಿನಲ್ಲಿ ಹನ್ನೊಂದನೆಯವನು.
ಬರೆದಿದ್ದ ಪ್ರಕಾರ ನಾಯಕ ದಾಟಿ ಓಡಬೇಕು,
ಬಾಗಿಲು ಒಡೆಯಬೇಕು.
ಓಡಿಬಂದವನು ನಿಂತ. ಬಗ್ಗಿದ.
ಹೆಣದ ತುಟಿ ಸೀಳಿದ್ದು ನಿಜವೆಂದು ಕಂಡಿರಬೇಕು.
ಸೊಂಟದ ಶೀಶೆ ಬಿಚ್ಚಿ ಬಾಯಿಗೆ ಹಿಡಿದ.
"ಉಗುರುಬೆಚ್ಚಗಿತ್ತು. ಪ್ಲಾಸ್ಟಿಕ್ ವಾಸನೆ.
ಸತ್ತವನು ನಾನು,
ಗಟಗಟ ಕುಡಿದೆ."

ನಿರ್ದೇಶಕ ಕೂಗಾಡಿದ. ಮತ್ತೆ ಓಡಿಸಿದರು.
ಎರಡನೇ ಸಲ ಅವನು ಯಾರನ್ನೂ ನೋಡಲಿಲ್ಲ,
ಸರಿಯಾಗಿ ದಾಟಿದ, ಬಾಗಿಲು ಒಡೆದ.
ಅದೇ ಇರುವುದು ಚಿತ್ರದಲ್ಲಿ.

ಜೀರಿ ಎಷ್ಟೋ ರಾತ್ರಿ ಆ ದೃಶ್ಯವನ್ನು ತಡೆತಡೆದು ಹುಡುಕಿದ್ದಾನೆ:
ಒಂದು ಒದ್ದೆ ಗದ್ದ, ಮರಳಲ್ಲಿ ಒಂದು ಕಪ್ಪು ಕಲೆ.
ಸಿಕ್ಕಿಲ್ಲ. ಮೂರು ಸೂರ್ಯರು,
ಬೇಗ ಒಣಗಿರಬೇಕು.

ಸಂಜೆ ಯಾರದೋ ಆಡಿನ ಮಂದೆ ಬಂತು,
ಚಕ್ರವರ್ತಿಯ ಕಡೆಯಿಂದ ಬಂಡುಕೋರರ ಕಡೆಗೆ.
ಹಮ್ಮು ದುಡ್ಡು ಕೇಳಲಿಲ್ಲ.
ಎದ್ದುಹೋಗಿ ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟ, ಗಾಳಿಗೆ ಬಡಿಯದಂತೆ.
ಆಗ ಗಮನಿಸಿದೆ:
ನಾಯಕ ಮೂರು ದಿನ ಭುಜ ಕೊಟ್ಟು ಒಡೆದ ಆ ಬಾಗಿಲಿಗೆ
ಚಿಲಕ ಕೂರಿಸಲೆಂದು ಕೊರೆದ ಗುರುತೂ ಇಲ್ಲ.
ಕೊನೆಯ ಮರಿ ಹೊಸ್ತಿಲಲ್ಲಿ ನಿಂತು
ಸುಣ್ಣ ನೆಕ್ಕುತ್ತಿತ್ತು.