ಅರೆಯುವ ಪಾಳಿ

ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೇದೆ
ಜಗಲಿಯ ಮೇಲೆ ಹೆಲ್ಮೆಟ್ಟು ಇಟ್ಟು ಕೇಳಿದ:
‘ಯಾತಕ್ಕೆ ಮೇಡಂ, ವಿದೇಶ?’
ಚಿತ್ರ ಕಲಿಯೋಕೆ ಅಂದೆ.
‘ನೀವೇ ಅಲ್ವಾ ಡ್ರಾಯಿಂಗ್ ಟೀಚರ್,
ನನ್ನ ಮಗಳಿಗೆ ನವಿಲು ಹೇಳಿಕೊಟ್ಟವರು?’
ಹೌದು. ಇಪ್ಪತ್ತಾರು ವರ್ಷ ಅದೇ ನವಿಲು.
ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಕೂತವನು
‘ಪ್ರವಾಸ’ ಎಂದು ಬರೆದುಕೊಂಡು
ಟೀ ಕುಡಿದು ಹೋದ.

ಹಾಗೆ ಹೊರಟೆ ನಾನು, ಜ್ವಾಲಿನಿ,
ಸಾಲಗಾಮೆ ರಸ್ತೆಯ ಬಾಡಿಗೆ ಮನೆಗೆ ಬೀಗ ಜಡಿದು
ಕೀಲಿಕೈ ಎದುರುಮನೆ ನಸೀಮಾಗೆ ಕೊಟ್ಟು
ರುಮೇನಿಯಾದ ಬೆಟ್ಟದ ಸನ್ಯಾಸಿನಿಯರ ಮಠಕ್ಕೆ.
ಬೇಸಿಗೆ ರಜೆ ಪೂರ್ತಿ, ಆರು ವಾರ,
ಹಲಗೆಯ ಮೇಲೆ ದೇವರ ಮುಖ ಬರೆಯುವ ಪಾಠ.
ಜಿ.ಪಿ.ಎಫ್. ದುಡ್ಡು. ಎರಡು ಸ್ವೆಟರು.
ಒಂದು ಡಬ್ಬಿ ಚಟ್ನಿಪುಡಿ, ಬೆಳ್ಳುಳ್ಳಿ ಇಲ್ಲದ್ದು.

ಅಲ್ಲಿ ಗಂಟೆಗೂ ಮೊದಲು ಮರ ಕೂಗುತ್ತದೆ.
ಉದ್ದನೆಯ ಹಲಗೆಯೊಂದನ್ನು ಹೆಗಲಿಗೆ ಆನಿಸಿ
ಕರಿ ಬಟ್ಟೆಯ ಹುಡುಗಿ ಕೊಡತಿಯಿಂದ ಬಡಿಯುತ್ತ
ನಸುಕಿನಲ್ಲಿ ಗುಡಿ ಸುತ್ತುತ್ತಾಳೆ.
ನಮ್ಮ ಶಾಲೆಯ ಕಂಬಿ ತುಂಡು ನೆನಪಾಗಿ
ಮೊದಲ ದಿನ ನನ್ನ ಕೈ ಚಾಕ್‌ಪೀಸು ಹುಡುಕಿತು.

ಊಟಕ್ಕೆ ಕೂತರೆ ಆಲೂಗಡ್ಡೆ.
ನಿಮ್ಮ ಊರಲ್ಲಿ ಏನು ಬೆಳೆಯುತ್ತೀರಿ?
ಆಲೂಗಡ್ಡೆಯೇ. ಹಾಸನದ್ದು ಲಾರಿಗಟ್ಟಲೆ ಹೋಗುತ್ತೆ.
ಮತ್ತೆ ಯಾಕೆ ತಿನ್ನೋಲ್ಲ?
ಮಣ್ಣೊಳಗಿನದು, ಕಿತ್ತರೆ ಎಷ್ಟೋ ಜೀವ…
ನನ್ನ ಹರಕು ಇಂಗ್ಲಿಷು ಅವರ ಹರಕು ಇಂಗ್ಲಿಷಿನ ನಡುವೆ
ಆ ಜೀವಗಳೆಲ್ಲ ಉದುರಿ ಹೋದವು.
ಬ್ರೆಡ್ಡು ತಿಂದೆ, ಅಕ್ರೋಟು ತಿಂದೆ.
ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದೆ.
ನಕ್ಕರು. ಒಂಬತ್ತಾಗುತ್ತ ಬಂದರೂ ಅಲ್ಲಿ ಸೂರ್ಯನಿಗೆ
ಮನೆಗೆ ಹೋಗುವ ಮನಸ್ಸಿಲ್ಲ.
ಬೆಳಗೊಳದ ಅಜ್ಜಿ ಇದ್ದಿದ್ದರೆ
ಇಂಥಾ ಊರಲ್ಲಿ ಹುಟ್ಟಬೇಕಿತ್ತು ಕಣೇ ಅಂತಿದ್ದಳು.

ನಾಲ್ಕನೆಯ ದಿನ ಮದರ್ ಪರಸ್ಕೇವಾ
ನನ್ನ ಮುಂದೆ ಬಟ್ಟಲಿಟ್ಟಳು. ಬಟ್ಟಲಲ್ಲಿ ಮೊಟ್ಟೆ.
ಒಡೆ. ಬಿಳಿಯದನ್ನು ಸೋರಿಸು. ಹಳದಿಯನ್ನು
ಅಂಗೈಯಿಂದ ಅಂಗೈಗೆ ಹೊರಳಿಸಿ ಒಣಗಿಸು.
ಪೊರೆ ಚುಚ್ಚು. ಬಣ್ಣ ಕಲಸು.
ಸಾವಿರ ವರ್ಷ ನಿಲ್ಲುತ್ತದೆ.

ಮೊಟ್ಟೆ ಇನ್ನೂ ಬೆಚ್ಚಗಿತ್ತು.

ಹೋಂವರ್ಕ್ ತರದ ಹುಡುಗಿಯ ಹಾಗೆ
ಕೈ ಹಿಂದೆ ಕಟ್ಟಿ ನಿಂತೆ.
ನಾನು ಒಡೆದುಕೊಡಲೇ? ಅಂದಳು.
ಮಾಡೋದು, ಮಾಡಿಸೋದು, ಮಾಡಿದ್ದಕ್ಕೆ ಹೂಂ ಅನ್ನೋದು
ಮೂರರದ್ದೂ ಒಂದೇ ಲೆಕ್ಕ ಅಂತ ಅಜ್ಜಿ ಹೇಳಿದ್ದನ್ನು
ಯಾವ ಭಾಷೆಯಲ್ಲಿ ಹೇಳಲಿ?
ತಲೆ ಅಲ್ಲಾಡಿಸಿದೆ. ನಮ್ಮ ತಲೆ ಅಲ್ಲಾಡಿದ್ದು
ಹೌದೋ ಅಲ್ಲವೋ ಅವರಿಗೆ ಎಲ್ಲಿ ತಿಳಿಯಬೇಕು.
ಅವಳಿಗೆ ತಿಳಿಯಿತು.
ಬಟ್ಟಲು ತೆಗೆದು, ಅದೇ ಜಾಗದಲ್ಲಿ
ಒಂದು ಚಪ್ಪಡಿ, ಗಾಜಿನ ಗುಂಡು,
ಹಿಡಿ ಕೆಮ್ಮಣ್ಣು ಇಟ್ಟಳು.

ಉಳಿದ ದಿನವೆಲ್ಲ ಅರೆದೆ.
ಕೆಮ್ಮಣ್ಣು, ಹಸಿರು ಮಣ್ಣು,
ಸುಟ್ಟ ದ್ರಾಕ್ಷಿಬಳ್ಳಿಯ ಕಪ್ಪು. ಬರೀ ನೀರು ಹಾಕಿ.
ಬೇರೆಯವರು, ಪೋಲೆಂಡಿನ ಹಲ್ಲಿನ ಡಾಕ್ಟರು,
ಎಲ್ಲಿಂದಲೋ ಬಂದ ಇಬ್ಬರು ಅಕ್ಕತಂಗಿಯರು,
ದೇವಮಾತೆಯ ಮೂಗು ಬರೆದರು, ಕೆರೆದರು, ಬರೆದರು.
ನಾನು ಅರೆದದ್ದು ಅವರ ಹಳದಿಯಲ್ಲಿ ಕಲಸಿ ಹೋಯಿತು.
ಅದೂ ಹೂಂ ಅಂದ ಹಾಗಾಯಿತೇ ಎಂದು
ಒಂದೊಂದು ರಾತ್ರಿ ಎದ್ದು ಕೂರುತ್ತೇನೆ.
ಮದರ್ ಮಾತ್ರ ಚಪ್ಪಡಿಗೆ ಕಿವಿ ಕೊಟ್ಟು
ಇನ್ನೂ ಕರಕರ ಅನ್ನುತ್ತಿದೆ, ಅರೆ,
ಅಂದಳು, ಹೊರಡುವ ಬೆಳಿಗ್ಗೆಯೂ.

‘ಎಲ್ಲಿ ಟೀಚರ್, ಬರೆದ ಚಿತ್ರ?’
ನಸೀಮಾಗೆ ಉಗುರು ತೋರಿಸಿದೆ. ಸಂದಿಯಲ್ಲಿ ಹಸಿರು.
‘ಇಷ್ಟಕ್ಕೆ ಮೂರು ಲಕ್ಷವಾ?’
ಹೌದು ಮಾರಾಯ್ತಿ.

ಶಾಲೆ ಶುರುವಾದ ವಾರ, ಎಂಟನೇ ತರಗತಿ, ಬಿ ವಿಭಾಗ.
ನವಿಲು ಬರೆಸಲಿಲ್ಲ.
ಹಂಚಿನ ಚೂರು, ಇದ್ದಿಲು ತರಿಸಿ
ವರಾಂಡದ ಕಲ್ಲಿನ ಮೇಲೆ ಅರೆಯಲು ಕೂರಿಸಿದೆ.
ಐವತ್ತೆರಡು ಮಕ್ಕಳು. ಹೆಡ್‌ಮಾಸ್ಟರು ಇಣುಕಿ
‘ಏನ್ರೀ ಇದು, ಹಿಟ್ಟಿನ ಗಿರಣಿ?’ ಅಂದು ಹೋದರು.
ಅಂಟಿಗೆ ಏನು ಮಿಸ್? ಎಂದು ಯಾರೋ.
ಬೇವಿನ ಮರದ ಗೋಂದು ಅನ್ನುವಷ್ಟರಲ್ಲಿ
ಹಿಂದಿನ ಸಾಲಿನಿಂದ ಚಿರಂತ್ ಎದ್ದ:
‘ನಮ್ಮಮ್ಮನ ಅಂಗಡೀಲಿ ಮೊಟ್ಟೆ ಮಾರ್ತಾರೆ ಮಿಸ್.
ಆಟೋದಲ್ಲಿ ಬರೋವಾಗ ಒಡೆದಿರೋದು ಇರ್ತವೆ.
ಹೆಂಗೂ ಬಿಸಾಕ್ತಾರೆ. ತರಲಾ?’

ಕಂಬಿ ತುಂಡು ಬಡಿಯಿತು.
ನಾನು ತಲೆ ಅಲ್ಲಾಡಿಸಿದೆ.
ಅವನು ಹೇಗೆ ತಿಳಿದುಕೊಂಡನೋ
ನಾಳೆ ಗೊತ್ತಾಗುತ್ತದೆ.